ಕಾಣದ ಎಲೆಗಳ ಆಟ: ಯಂತ್ರದ ಪೋಕರಿನಲ್ಲಿ ಅರಿವಿನ ಬೆಲೆ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಮಚ್ಛೆ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನಸಂಗಮ ಆವರಣವೂ ಅಲ್ಲಿಯೇ. ಅದೇ ದಾರಿ ಮುಂದುವರಿದು ಗೋವೆಯನ್ನು ಸೇರುತ್ತದೆ. ಅಲ್ಲಿ 1992ರ ಕಾಯಿದೆ ತಿದ್ದುಪಡಿಯ ಬಳಿಕ ಪಂಚತಾರಾ ಹೋಟೆಲುಗಳಲ್ಲಿ ಪಣದ ಯಂತ್ರಗಳಿಗೆ ಅನುಮತಿ ದೊರೆಯಿತು. ಗಣಿತವನ್ನು ಓದುವ ತರುಣರು ವಾಸಿಸುವ ಊರಿಗೂ ಗಣಿತವನ್ನೇ ಬಂಡವಾಳವಾಗಿಸಿಕೊಂಡ ಯಂತ್ರಗಳಿಗೂ ನಡುವೆ ಇರುವುದು ಕೆಲವು ಗಂಟೆಗಳ ಪ್ರಯಾಣ ಮಾತ್ರ. ಆದುದರಿಂದ ಅಂತಹ ಒಂದು ಯಂತ್ರದ ಆಟವನ್ನು, ಅಂದರೆ ವಿಡಿಯೋ ಪೋಕರನ್ನು, ಇಲ್ಲಿ ಪರಿಶೀಲಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇವೆ.

ಆಟದ ಕ್ರಮ ಸರಳವಾದುದು. 52 ಇಸ್ಪೀಟು ಎಲೆಗಳ ಕಟ್ಟಿನಿಂದ ಯಂತ್ರವು ಐದನ್ನು ತೋರಿಸುತ್ತದೆ. ಆಟಗಾರನು ಬೇಕಾದವನ್ನು ಉಳಿಸಿಕೊಂಡು ಉಳಿದವನ್ನು ಬಿಡುತ್ತಾನೆ. ಬಿಟ್ಟಷ್ಟು ಎಲೆಗಳು ಹೊಸದಾಗಿ ಬರುತ್ತವೆ. ಕೊನೆಯ ಐದು ಎಲೆಗಳನ್ನು ನೋಡಿ ಯಂತ್ರವು ಹಣ ಕೊಡುತ್ತದೆ. ಪ್ರಸಿದ್ಧವಾದ ಒಂದು ದರಪಟ್ಟಿಯಲ್ಲಿ, ಹೂಡಿದ ಪ್ರತಿ ನಾಣ್ಯಕ್ಕೆ, ಗುಲಾಮ, ರಾಣಿ, ರಾಜ ಅಥವಾ ಎಕ್ಕಗಳ ಜೋಡಿಗೆ 1, ಎರಡು ಜೋಡಿಗೆ 2, ಒಂದೇ ಅಂಕಿಯ ಮೂರಕ್ಕೆ 3, ಸರಣಿಗೆ 4, ಒಂದೇ ಜಾತಿಯ ಐದಕ್ಕೆ 6, ಮೂರು-ಎರಡರ ಕೂಟಕ್ಕೆ 9, ಒಂದೇ ಅಂಕಿಯ ನಾಲ್ಕಕ್ಕೆ 25, ಒಂದೇ ಜಾತಿಯ ಸರಣಿಗೆ 50, ಹತ್ತರಿಂದ ಎಕ್ಕದವರೆಗಿನ ಒಂದೇ ಜಾತಿಯ ಸರಣಿಗೆ 800 ನಾಣ್ಯಗಳು ದೊರೆಯುತ್ತವೆ. ಈ ಕೊನೆಯ ದರ ಪೂರ್ಣ ಪಣವಾದ ಐದು ನಾಣ್ಯ ಹೂಡಿದವನಿಗೆ ಮಾತ್ರ. ದೋಷವಿಲ್ಲದೆ ಆಡಿದವನಿಗೆ ದೀರ್ಘಕಾಲದಲ್ಲಿ 100 ರೂಪಾಯಿ ಪಣಕ್ಕೆ ಸುಮಾರು 99.54 ರೂಪಾಯಿ ಹಿಂದಿರುಗುತ್ತದೆಂದು ಲೆಕ್ಕ.

ಈಗ ಒಂದು ಪ್ರಶ್ನೆ. ಐದು ಎಲೆಗಳೂ ಮಗುಚಿಯೇ ಇದ್ದರೆ, ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು? ಕೆಲವರು ಎಲ್ಲವನ್ನೂ ಉಳಿಸುವುದೇ ಲೇಸೆನ್ನಬಹುದು. ಎರಡನೆಯ ಅವಕಾಶವನ್ನು ವ್ಯರ್ಥಮಾಡಬಾರದೆಂದು ಕೆಲವರು ಎಲ್ಲವನ್ನೂ ಬಿಡಬಹುದು. ಎರಡೂ ವಾದಗಳು ಸಮಾನವಾಗಿ ನಿಷ್ಫಲ. ಚೆನ್ನಾಗಿ ಕಲಸಿದ ಕಟ್ಟಿನಲ್ಲಿ ಮೊದಲ ಐದು ಸ್ಥಾನಗಳ ಎಲೆಗಳಿಗೂ ನಂತರದ ಐದು ಸ್ಥಾನಗಳ ಎಲೆಗಳಿಗೂ ಸಂಭಾವ್ಯತೆಯ ದೃಷ್ಟಿಯಲ್ಲಿ ಭೇದವಿಲ್ಲ. ನೋಡದೆ ಮಾಡಿದ ಆಯ್ಕೆ ಸ್ಥಾನಗಳ ಆಯ್ಕೆಯೇ ಹೊರತು ಎಲೆಗಳ ಆಯ್ಕೆಯಲ್ಲ. ಆದಕಾರಣ ಯಾವ ಕ್ರಮದಿಂದ ಆಡಿದರೂ ಕೊನೆಗೆ ಕೈಯಲ್ಲಿರುವುದು ಯಾದೃಚ್ಛಿಕವಾದ ಐದು ಎಲೆಗಳೇ.

ಅವುಗಳ ಬೆಲೆಯನ್ನು ನಿಖರವಾಗಿ ಎಣಿಸಬಹುದು. 52ರಿಂದ ಐದು ಎಲೆಗಳನ್ನು ಆರಿಸುವ ವಿಧಗಳು 25,98,960. ಇವುಗಳಲ್ಲಿ ಗುಲಾಮ ಅಥವಾ ಮೇಲಿನ ಜೋಡಿಗಳು 3,37,920. ಎರಡು ಜೋಡಿಗಳು 1,23,552. ಒಂದೇ ಅಂಕಿಯ ಮೂರು 54,912. 800 ನಾಣ್ಯದ ಸರಣಿಗಳು ಕೇವಲ 4. ಪ್ರತಿಯೊಂದು ವರ್ಗದ ಸಂಖ್ಯೆಯನ್ನು ಅದರ ದರದಿಂದ ಗುಣಿಸಿ ಕೂಡಿಸಿದರೆ 8,75,504 ಬರುತ್ತದೆ. ಒಟ್ಟು ವಿಧಗಳಿಂದ ಭಾಗಿಸಿದರೆ 0.337. ಎಂದರೆ ಕಣ್ಣುಮುಚ್ಚಿ ಆಡುವವನಿಗೆ 100 ರೂಪಾಯಿಗೆ ಸುಮಾರು 33 ರೂಪಾಯಿ 70 ಪೈಸೆ ಮರಳುತ್ತದೆ. 99.54ಕ್ಕೂ ಇದಕ್ಕೂ ಇರುವ ಅಂತರ ಸುಮಾರು 66 ರೂಪಾಯಿ. ಎಲೆಗಳನ್ನು ನೋಡಿ ವಿವೇಚಿಸುವುದರ ಬೆಲೆ ಇಷ್ಟು.

ಒಂದೇ ಒಂದು ಎಲೆ ಕಂಡರೂ ಸಾಕು, ವಿವೇಚನೆಗೆ ಎಡೆ ದೊರೆಯುತ್ತದೆ. ಕಂಡದ್ದು ಗುಲಾಮನೆಂದಿಟ್ಟುಕೊಳ್ಳೋಣ. ಅದನ್ನು ಉಳಿಸಿಕೊಂಡರೆ ಕೊನೆಯಲ್ಲಿ ಹಣ ತರುವ ಒಂಟಿ ಜೋಡಿ ಬರುವ ಸಂಭಾವ್ಯತೆ ನೂರಕ್ಕೆ ಸುಮಾರು 23; ಬಿಟ್ಟರೆ ಸುಮಾರು 12. ಕಂಡದ್ದು ನಾಲ್ಕು ಅಥವಾ ಏಳರಂತಹ ಸಣ್ಣ ಎಲೆಯಾದರೆ, ಉಳಿಸಿದಾಗ ನೂರಕ್ಕೆ ಸುಮಾರು 8, ಬಿಟ್ಟಾಗ ಸುಮಾರು 13. ಮೊದಲನೆಯದನ್ನು ಉಳಿಸಬೇಕು, ಎರಡನೆಯದನ್ನು ಬಿಡಬೇಕು. ಮಿಕ್ಕ ನಾಲ್ಕು ಕಾಣದ ಎಲೆಗಳನ್ನು ಏನು ಮಾಡಿದರೂ ಒಂದೇ. ತಂತ್ರವೆಂಬುದು ಅರಿವಿನ ಜೊತೆಗೇ ಹುಟ್ಟುತ್ತದೆ. ಅರಿವಿಲ್ಲದ ಕಡೆ ಅದರ ಹೆಸರು ಮಾತ್ರ ಉಳಿಯುತ್ತದೆ.

ನಮ್ಮ ನಾಡಿನಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ಆಡುವ ಮೂರೆಲೆಯ ಆಟ ಅಥವಾ ತೀನ್ ಪತ್ತಿಯೂ ಈ ತತ್ತ್ವವನ್ನು ತನ್ನದೇ ರೀತಿಯಲ್ಲಿ ಬಲ್ಲುದು. ಅಲ್ಲಿ ಎಲೆ ನೋಡದೆ 'ಬ್ಲೈಂಡ್' ಆಡುವವನು ನೋಡಿದವನು ಕಟ್ಟುವುದರ ಅರ್ಧವನ್ನು ಕಟ್ಟಿದರೆ ಸಾಕು. ಇದು ಧೈರ್ಯಕ್ಕೆ ಕೊಟ್ಟ ಬಹುಮಾನವೆಂದು ಅನೇಕರು ತಿಳಿಯುತ್ತಾರೆ. ವಾಸ್ತವವಾಗಿ ಅದು ಅಜ್ಞಾನಕ್ಕೆ ಕೊಟ್ಟ ರಿಯಾಯಿತಿ. ನೋಡಿದವನು ಕೆಟ್ಟ ಎಲೆಗಳನ್ನು ಕೆಳಗಿಟ್ಟು ಹೊರಬರಬಲ್ಲನು; ನೋಡದವನಿಗೆ ಆ ಅನುಕೂಲವಿಲ್ಲ. 22,100 ಮೂರೆಲೆ ಕೂಟಗಳಲ್ಲಿ 16,440, ಅಂದರೆ ನೂರಕ್ಕೆ 74ರಷ್ಟು, ಜೋಡಿಯೂ ಇಲ್ಲದವು. ಯಂತ್ರವಾದರೋ ಈ ರಿಯಾಯಿತಿಯನ್ನೂ ಕೊಡುವುದಿಲ್ಲ.

ನ್ಯಾಯಾಲಯಗಳೂ ಈ ಭೇದವನ್ನು ಗಮನಿಸಿವೆ. 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೂರೆಲೆಯ ಆಟವನ್ನು ಕೇವಲ ಅದೃಷ್ಟದ ಆಟವೆಂದೂ, ಬಿದ್ದ ಎಲೆಗಳನ್ನು ನೆನಪಿಟ್ಟು ಆಡಬೇಕಾದ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದೂ ವಿಂಗಡಿಸಿತು. 1995ರಲ್ಲಿ ಕರ್ನಾಟಕದಿಂದಲೇ ಹೋದ ಎಂ. ಜೆ. ಶಿವಾನಿ ಪ್ರಕರಣದಲ್ಲಿ, ವಿಡಿಯೋ ಆಟಗಳಿಗೆ ಪರವಾನಗಿ ಬೇಕೆಂಬ ನಿಯಮವನ್ನು ಅದೇ ನ್ಯಾಯಾಲಯವು ಎತ್ತಿಹಿಡಿಯಿತು. ಯಂತ್ರವನ್ನು ತಿದ್ದಿ ಆಟಗಾರನ ಕೌಶಲವನ್ನು ನಿರರ್ಥಕಗೊಳಿಸಬಹುದೆಂಬ ಸಂಗತಿಯೂ ಆಗ ಪರಿಗಣನೆಗೆ ಬಂದಿತ್ತು. ಯಂತ್ರದ ಒಳಗನ್ನು ಕಾಣದವನು ಎಲೆಯನ್ನು ಕಂಡರೂ ಅರ್ಧ ಕುರುಡನೇ ಸರಿ.

ಅಧ್ಯಾಪಕರು ಈ ವಿಷಯವನ್ನು ಪಣವಿಲ್ಲದೆ, ಒಂದು ಕಟ್ಟು ಇಸ್ಪೀಟಿನಿಂದ ತರಗತಿಯಲ್ಲಿ ತೋರಿಸಬಹುದು. ಒಂದು ಗುಂಪು ಎಲೆಗಳನ್ನು ನೋಡದೆ ಉಳಿಸಲಿ, ಇನ್ನೊಂದು ನೋಡದೆ ಬದಲಿಸಲಿ, ಮೂರನೆಯದು ನೋಡಿ ಆರಿಸಲಿ. ಕೆಲವು ನೂರು ಸಲ ಆಡಿ ಬರೆದಿಟ್ಟರೆ ಮೊದಲ ಎರಡು ಗುಂಪುಗಳ ಸರಾಸರಿಗಳು ಒಂದನ್ನೊಂದು ಸಮೀಪಿಸುವುದೂ, ಮೂರನೆಯದು ಬಹುದೂರ ಮುಂದಿರುವುದೂ ಕಂಡುಬರುವುವು.

ಕಾಣದ ಎಲೆಗಳ ಮುಂದೆ ಕುಳಿತವನಿಗೆ ನಿಜವಾಗಿ ಉಳಿಯುವ ನಿರ್ಧಾರಗಳು ಎರಡೇ: ಎಷ್ಟು ಹೂಡಬೇಕು, ಆಡಬೇಕೇ ಬೇಡವೇ. ನೂರಕ್ಕೆ 66 ರೂಪಾಯಿ ನಷ್ಟವೆಂದು ತಿಳಿದ ಮೇಲೆ ಹೆಚ್ಚು ಹೂಡಿದವನು ಹೆಚ್ಚು ಕಳೆದುಕೊಳ್ಳುತ್ತಾನೆ. ಎರಡನೆಯ ಪ್ರಶ್ನೆಗೆ ಉತ್ತರ ಇದರಲ್ಲಿಯೇ ಇದೆ. ಅದಕ್ಕೆ ಎಲೆಗಳನ್ನು ನೋಡುವ ಅಗತ್ಯವೂ ಇಲ್ಲ.