ದ್ರವ್ಯನಾಮವಿಚಾರವೂ ಮಧುಮೇಹೌಷಧದ ಅನ್ವೇಷಣವೂ

ಚರಕಸುಶ್ರುತಾದಿಗಳು ಮಧುಮೇಹವನ್ನು ಪ್ರಮೇಹಭೇದಗಳಲ್ಲಿ ಎಣಿಸಿ, ಔಷಧದೊಡನೆ ಆಹಾರನಿಯಮವನ್ನೂ ವಿಧಿಸಿರುವರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಗಣನೆಯಂತೆ ನಮ್ಮ ದೇಶದಲ್ಲಿ ಈ ರೋಗಿಗಳು ೧೦ ಕೋಟಿಗೂ ಅಧಿಕ. ಆಹಾರದಲ್ಲಿಯೇ ಅಡಗಿರುವ ಔಷಧಾಂಶಗಳನ್ನು ಗಣಕಯಂತ್ರದಿಂದ ಹುಡುಕುವ ಮಾರ್ಗವೊಂದು ಈಗ ಪ್ರಚಾರದಲ್ಲಿದೆ. ಇದು ವೈದ್ಯರ ವಿಷಯವೆಂದು ಭಾಷಾಭ್ಯಾಸಿಗಳು ಉದಾಸೀನರಾಗಬಾರದೆಂಬುದೇ ಈ ಲೇಖನದ ಅಭಿಪ್ರಾಯ.

ಆ ಮಾರ್ಗದ ಸ್ವರೂಪವನ್ನು ಮೊದಲು ತಿಳಿಯತಕ್ಕುದು. ಉಂಡ ಅನ್ನದ ಪಿಷ್ಟವನ್ನು ಕರುಳಿನಲ್ಲಿ ಕಡೆಗೆ ಗ್ಲೂಕೋಸಾಗಿ ಒಡೆಯುವುದು ಆಲ್ಫಾ-ಗ್ಲೂಕೋಸಿಡೇಸ್ ಎಂಬ ಕಿಣ್ವ. ಅದರ ಕಾರ್ಯವನ್ನು ತಡೆದರೆ ಊಟದ ತರುವಾಯ ರಕ್ತದಲ್ಲಿ ಸಕ್ಕರೆಯು ಒಮ್ಮೆಲೇ ಏರದು. ಅಕಾರ್ಬೋಸ್ ಎಂಬ ಔಷಧವು ಮಾಡುವುದು ಇದನ್ನೇ. ಕಿಣ್ವದ ಆಕೃತಿಯು ಗೊತ್ತಿದ್ದಲ್ಲಿ, ಸಾವಿರಾರು ಸಸ್ಯಾಣುಗಳಲ್ಲಿ ಯಾವುದು ಅದರ ಕುಳಿಯಲ್ಲಿ ಬೀಗಕ್ಕೆ ಬೀಗದ ಕೈಯಂತೆ ಕೂಡುವುದೆಂದು ಯಂತ್ರವು ಲೆಕ್ಕಹಾಕಿ ತಾರತಮ್ಯವನ್ನು ತಿಳಿಸುತ್ತದೆ. ಚೆನ್ನೈಯ ಗಣಿತವಿಜ್ಞಾನ ಸಂಸ್ಥೆಯವರು ೨೦೧೮ರಲ್ಲಿ ಪ್ರಕಟಿಸಿದ ‘ಇಂಪ್ಯಾಟ್’ ಎಂಬ ಕೋಶದಲ್ಲಿ ೧೭೪೨ ಭಾರತೀಯ ಸಸ್ಯಗಳ ೯೫೯೬ ರಾಸಾಯನಿಕಗಳು ಸಂಗ್ರಹವಾಗಿದ್ದುವು.

ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ ಇದು ಅನುಮಾನವೇ ಹೊರತು ಪ್ರತ್ಯಕ್ಷವಲ್ಲ. ಲೆಕ್ಕದಲ್ಲಿ ಕೂಡಿದ ಅಣುವು ಅಡುಗೆಯ ಬೆಂಕಿಯಲ್ಲಿ ಕೆಡಬಹುದು. ಊಟದಲ್ಲಿ ಅದರ ಪ್ರಮಾಣವು ಸಾಲದಿರಬಹುದು. ಪ್ರಯೋಗಶಾಲೆಯಲ್ಲಿಯೂ ಅನಂತರ ಮನುಷ್ಯರಲ್ಲಿಯೂ ಪರೀಕ್ಷಿತವಾಗುವವರೆಗೆ ಅದನ್ನು ಔಷಧವೆನ್ನಲಾಗದು.

ಅನುಮಾನಕ್ಕೆ ಹೇತುವು ಶುದ್ಧವಾಗಿರಬೇಕಷ್ಟೆ. ಇಲ್ಲಿ ಹೇತುವಿಗೆ ಮೂಲವಾದುದು ದ್ರವ್ಯದ ಹೆಸರು. ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಡುಗೆಮನೆಗಳನ್ನೇ ನೋಡಿರಿ. ಸಂಸ್ಕೃತದ ಕಾರವೇಲ್ಲವು ಕನ್ನಡದವರಿಗೆ ಹಾಗಲ, ತುಳುವರಿಗೆ ಕಂಚಲ. ವಸ್ತುವೊಂದಕ್ಕೆ ಹೆಸರು ಮೂರಾದರೆ ಬಾಧೆ ಅಲ್ಪ; ಹೆಸರೊಂದಕ್ಕೆ ವಸ್ತು ಎರಡಾದರೆ ಅನರ್ಥ. ತಂಬುಳಿಗೆ ಅರೆಯುವ ಒಂದೆಲಗವು ತುಳುವಿನಲ್ಲಿ ತಿಮರೆ. ಅದನ್ನೇ ಬಹುಜನರು ಬ್ರಾಹ್ಮಿಯೆನ್ನುವರು. ಅನೇಕ ವೈದ್ಯರ ಬ್ರಾಹ್ಮಿಯಾದರೋ ನೀರುಬ್ರಾಹ್ಮಿ. ಮೊದಲನೆಯದರಲ್ಲಿ ಏಷಿಯಾಟಿಕೋಸೈಡ್, ಎರಡನೆಯದರಲ್ಲಿ ಬಕೋಸೈಡ್‌ಗಳು ಮುಖ್ಯ. ‘ಬ್ರಾಹ್ಮಿ’ ಎಂದಷ್ಟೇ ಬರೆದುಕೊಂಡವನು ಒಂದರ ಅಣುವನ್ನು ಇನ್ನೊಂದಕ್ಕೆ ಆರೋಪಿಸುವನು. ಯಂತ್ರವು ಈ ದೋಷವನ್ನು ತಾನಾಗಿ ತಿದ್ದಲಾರದು. ಅದರ ಫಲವನ್ನು ಅನುಭವಿಸುವವನು ಕಡೆಗೆ ರೋಗಿ.

ಆದುದರಿಂದ ಈ ಪ್ರದೇಶದ ಉಪಾಧ್ಯಾಯರು ಅಡುಗೆ ಬಲ್ಲ ಹಿರಿಯರನ್ನು ಕೇಳಿ, ಸೊಪ್ಪುಕಾಯಿಗಳ ಹೆಸರು, ಊರು, ಬಳಸುವ ಭಾಗ, ಋತು, ಪಾಕಕ್ರಮಗಳನ್ನು ಬರೆದಿಡಬೇಕು. ಪ್ರತಿಯೊಂದರ ಮಾದರಿಯನ್ನೂ ಸಸ್ಯಶಾಸ್ತ್ರಜ್ಞರಿಗೆ ತೋರಿಸಿ ನಿರ್ಣಯಿಸಿಕೊಳ್ಳಬೇಕು. ನಿಘಂಟುಕಾರರ ಈ ಹಳೆಯ ಕೆಲಸವು ಹೊಸ ಶಾಸ್ತ್ರಕ್ಕೂ ಅವಶ್ಯವಾಗಿದೆ.