ಕಡಲಕಳೆ ಸೇವನೆ: ಆರೋಗ್ಯ ಸುರಕ್ಷತೆ ಮತ್ತು ಆಹಾರ ಪರೀಕ್ಷೆಯ ಸೌಲಭ್ಯ

ಕಡಲಕಳೆ (ಸಮುದ್ರ ಪಾಚಿ) ಜಪಾನ್, ಕೊರಿಯಾ ಮೊದಲಾದ ದೇಶಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಆಹಾರವಾಗಿದೆ. ಸುಶಿಗೆ ಸುತ್ತುವ ನೋರಿ ಹಾಳೆ, ಸೂಪ್‌ಗೆ ಬಳಸುವ ಕೊಂಬು (ಕೆಲ್ಪ್) ಹಾಗೂ ಕಡಲಕಳೆಯ ಪುಡಿ, ಮಾತ್ರೆಗಳು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ನಿವಾಸಿಗಳಿಗೂ ಮಳಿಗೆಗಳು ಮತ್ತು ಅಂತರ್ಜಾಲದ ಮೂಲಕ ದೊರೆಯುತ್ತಿವೆ. ಆರೋಗ್ಯವಂತರಿಗೆ ಇವುಗಳ ಮಿತ ಸೇವನೆಯಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಬಗೆ ಮತ್ತು ಪ್ರಮಾಣವನ್ನು ಅರಿಯದೆ ನಿತ್ಯ ಸೇವಿಸುವುದು ಹಾನಿಕರ.

ಅಧಿಕ ಅಯೋಡಿನ್:
ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿ ಹಾಗೂ ಬಾಣಂತಿಯರಿಗೆ 250 ಮೈಕ್ರೋಗ್ರಾಂ ಅಯೋಡಿನ್ ಸಾಕು. ಅಯೋಡಿನ್‌ಯುಕ್ತ ಉಪ್ಪಿನಿಂದಲೇ ಇದರ ಬಹುಪಾಲು ದೊರೆಯುತ್ತದೆ. ಒಣ ಕೊಂಬುವಿನ ಒಂದೇ ಗ್ರಾಂನಲ್ಲಿ 1000 ಮೈಕ್ರೋಗ್ರಾಂಗೂ ಅಧಿಕ ಅಯೋಡಿನ್ ಇರಬಹುದು. ಕುದಿಸಿದಾಗ ಇದು ನೀರಿಗೆ ಇಳಿಯುವುದರಿಂದ, ಕಳೆಯನ್ನು ತೆಗೆದುಹಾಕಿ ಸೂಪ್ ಕುಡಿದರೂ ಅಪಾಯ ತಪ್ಪುವುದಿಲ್ಲ. ನೋರಿಯಲ್ಲಿ ಈ ಪ್ರಮಾಣ ಬಹಳ ಕಡಿಮೆ. ಅಯೋಡಿನ್ ಮಿತಿಮೀರಿದಲ್ಲಿ ಥೈರಾಯ್ಡ್ ಗ್ರಂಥಿಯ ಕಾರ್ಯ ಕುಂಠಿತವಾಗಬಹುದು ಅಥವಾ ಅತಿಯಾಗಬಹುದು, ಗಳಗಂಡವೂ ಉಂಟಾಗಬಹುದು.

ಆರ್ಸೆನಿಕ್:
ಹಿಜಿಕಿ ಎಂಬ ಕಪ್ಪು ಕಡಲಕಳೆಯಲ್ಲಿ ವಿಷಕಾರಿಯಾದ ಅಜೈವಿಕ ಆರ್ಸೆನಿಕ್ ಅಧಿಕವಾಗಿರುತ್ತದೆ. ಇದನ್ನು ಸೇವಿಸಬಾರದೆಂದು ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆಯು 2004ರಲ್ಲಿ ಸಲಹೆ ನೀಡಿತು.

ವೈದ್ಯರ ಸಲಹೆ ಪಡೆದೇ ಸೇವಿಸಬೇಕಾದವರು:
1. ಥೈರಾಯ್ಡ್ ತೊಂದರೆಯುಳ್ಳವರು
2. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು
3. ವಾರ್ಫರಿನ್ ಸೇವಿಸುವವರು (ಕಡಲಕಳೆಯಲ್ಲಿರುವ ವಿಟಮಿನ್ ಕೆ ಈ ಔಷಧದ ಪರಿಣಾಮವನ್ನು ತಗ್ಗಿಸಬಹುದು)
ಚಿಕ್ಕ ಮಕ್ಕಳಿಗೆ ಕೊಂಬು ಅಥವಾ ಅದರ ಪುಡಿಯನ್ನು ನೀಡಬಾರದು.

ಖರೀದಿಸುವಾಗ ಪರಿಶೀಲಿಸಬೇಕಾದ ಅಂಶಗಳು:
1. ಕಡಲಕಳೆಯ ಬಗೆ
2. 14 ಅಂಕಿಗಳ ಎಫ್‌.ಎಸ್‌.ಎಸ್‌.ಎ.ಐ. ಪರವಾನಗಿ ಸಂಖ್ಯೆ
3. ಆಮದುದಾರರ ಹೆಸರು ಮತ್ತು ವಿಳಾಸ
4. ಬಳಕೆಯ ಅವಧಿ
ಈ ವಿವರಗಳಿಲ್ಲದ ಪೊಟ್ಟಣಗಳನ್ನು ಖರೀದಿಸಬಾರದು.

ಪರೀಕ್ಷೆ ಮತ್ತು ದೂರು:
ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೇ ಪ್ರಕರಣದನ್ವಯ, ಯಾವುದೇ ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ ತಾವು ಕೊಂಡ ಆಹಾರವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆಗೆ ಒಳಪಡಿಸಿ ವರದಿ ಪಡೆಯಬಹುದು. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಖರೀದಿಯ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸತಕ್ಕದ್ದು. ಆಹಾರವು ಕಾಯ್ದೆಗೆ ಅನುಗುಣವಾಗಿಲ್ಲವೆಂದು ವರದಿ ಬಂದಲ್ಲಿ ಶುಲ್ಕವನ್ನು ಮರಳಿ ಪಡೆಯಲು ಖರೀದಿದಾರರು ಅರ್ಹರಾಗಿರುತ್ತಾರೆ. ದೂರುಗಳನ್ನು ಆಯಾ ಪ್ರದೇಶದ ಆಹಾರ ಸುರಕ್ಷತಾಧಿಕಾರಿಗಳಿಗೆ ಸಲ್ಲಿಸಬಹುದು. ರಸೀದಿ ಮತ್ತು ಪೊಟ್ಟಣವನ್ನು ಕಾಯ್ದಿರಿಸಿಕೊಳ್ಳುವುದು ಸೂಕ್ತ.

ಕಡಲಕಳೆ ಸೇವನೆಯ ನಂತರ ಎದೆಬಡಿತ ಹೆಚ್ಚಳ, ಅತಿಯಾದ ಸುಸ್ತು ಅಥವಾ ಕುತ್ತಿಗೆಯ ಊತ ಕಂಡುಬಂದಲ್ಲಿ ಸೇವನೆಯನ್ನು ನಿಲ್ಲಿಸಿ ಕೂಡಲೇ ವೈದ್ಯರನ್ನು ಸಂಪರ್ಕಿಸತಕ್ಕದ್ದು.