ನೀಲಗಿರಿ ಸೌದೆ: ಹಸಿಯಲ್ಲೇ ಸೀಳಿ, ಒಣಗಿಸಿ ಉರಿಸಿ

ನಮ್ಮದು ನೆಲಮಂಗಲ ತಾಲ್ಲೂಕಿನಲ್ಲಿ ಮಳೆ ನಂಬಿದ ಮೂರು ಎಕರೆ. ಎರಡು ಎಕರೆಗೆ ರಾಗಿ, ಸಾಲಿಗೆ ಅವರೆ. ಉಳಿದ ಒಂದು ಎಕರೆಗೆ ನಮ್ಮ ತಂದೆ ನೀಲಗಿರಿ ಹಾಕಿದ್ದರು. 1980ರ ದಶಕದ ಸಾಮಾಜಿಕ ಅರಣ್ಯದ ಕಾಲ ಅದು, ಸುತ್ತಮುತ್ತ ಎಲ್ಲರೂ ಹಾಕಿದರು. 2017ರಲ್ಲಿ ಸರ್ಕಾರ ಹೊಸದಾಗಿ ನೆಡೋದನ್ನು ನಿಷೇಧಿಸಿದ ಮೇಲೆ ನಾನು ವರ್ಷಕ್ಕೆ ಒಂದಿಷ್ಟು ಮರ ತೆಗೆಯುತ್ತಾ ಬಂದಿದ್ದೇನೆ. ಮನೆಗೆ ಸೌದೆ ಅದೇ. ಗ್ಯಾಸ್ ಇದೆ. ಆದರೆ ಸ್ನಾನದ ಹಂಡೆ, ಆಳುಗಳು ಬಂದ ದಿನದ ಮುದ್ದೆ, ದನಕ್ಕೆ ಹುರುಳಿ ಬೇಯಿಸೋದು ಎಲ್ಲಾ ಸೌದೆಯಲ್ಲೇ.

ಮೊದಲು ನಾನು ಮಾಡುತ್ತಿದ್ದ ತಪ್ಪು ಹೇಳುತ್ತೇನೆ. ಮರ ಕಡಿದು, ದಿಮ್ಮಿಗಳನ್ನು ಹಿತ್ತಲಲ್ಲಿ ಉರುಳಿಸಿ, "ಒಣಗಲಿ, ಆಮೇಲೆ ಸೀಳೋಣ" ಅಂತ ಬಿಡುತ್ತಿದ್ದೆ. ಆರು ತಿಂಗಳಾದ ಮೇಲೆ ಕೊಡಲಿ ಹಾಕಿದರೆ ಕಬ್ಬಿಣಕ್ಕೆ ಹೊಡೆದಂಗೆ ಎಗರುತ್ತಿತ್ತು. ಕಷ್ಟಪಟ್ಟು ಸೀಳಿದರೆ ಒಳಗೆ ಇನ್ನೂ ಹಸಿ. ಅದನ್ನೇ ಒಲೆಗೆ ಹಾಕಬೇಕು. ಮನೆಯಾಕೆ ಊದುಗೊಳವೆ ಹಿಡಿದು ಊದಿ ಊದಿ, ಕಣ್ಣಲ್ಲಿ ನೀರು, ಕೆಮ್ಮು. ಒಂದು ದಿನ ಕೇಳಿದಳು: "ನೀವು ಸೌದೆ ತಂದ್ರೋ, ನೀರು ಹೊತ್ಕಂಡ್ ಬಂದ್ರೋ?"

ನಾನು ಒಲೆ ಸರಿಯಿಲ್ಲ ಅಂದೆ. ನಮ್ಮಲ್ಲಿ ಇದ್ದದ್ದು ಹೊಗೆ ಕೊಳವೆಯ ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ್ದು. ಕೊಳವೆ ಬಿಚ್ಚಿ ನೋಡಿದರೆ ಮಸಿ ಕಟ್ಟಿ ಅರ್ಧ ಮುಚ್ಚಿತ್ತು. ತಪ್ಪು ಒಲೆಯದ್ದಲ್ಲ, ಸೌದೆಯದ್ದು. ಅಂದರೆ ನನ್ನದು.

ಸೌದೆಯೊಳಗಿನ ನೀರು

ಆಕೆ ಹೇಳಿದ್ದು ಅಕ್ಷರಶಃ ನಿಜ. ಆಗಷ್ಟೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. 10 ಕಿಲೋ ಹಸಿ ಸೌದೆ ಹಾಕಿದರೆ ನಾಲ್ಕೈದು ಲೀಟರ್ ನೀರನ್ನೂ ಒಲೆಗೆ ಹಾಕಿದಂಗೆ. ಬೆಂಕಿ ಮೊದಲು ಆ ನೀರನ್ನು ಆವಿ ಮಾಡಬೇಕು. ಅಷ್ಟರಲ್ಲಿ ಒಲೆ ತಣ್ಣಗಾಗಿ, ಉರಿದು ಶಾಖ ಕೊಡಬೇಕಾದ ಅನಿಲವೆಲ್ಲ ಹೊಗೆಯಾಗಿ ಹೋಗುತ್ತೆ. ಗಾಳಿಯಲ್ಲಿ ಚೆನ್ನಾಗಿ ಒಣಗಿದ ಸೌದೆಯಲ್ಲಿ ಉಳಿಯೋ ನೀರು ನೂರಕ್ಕೆ 15ರಿಂದ 20 ಪಾಲು ಮಾತ್ರ.

ಸೀಳೋಕೆ ಯಾಕೆ ಕಷ್ಟ?

ನೀಲಗಿರಿಯಲ್ಲಿ ಎಳೆ ನೇರ ಇರಲ್ಲ. ಒಂದು ಪದರ ಎಡಕ್ಕೆ ವಾಲಿದರೆ ಅದರ ಮೇಲಿನದು ಬಲಕ್ಕೆ ವಾಲಿ, ಒಂದಕ್ಕೊಂದು ಹೆಣೆದುಕೊಂಡಿರುತ್ತೆ. ಹುಣಸೆಯೂ ಹಿಂಗೇ. ಮಾಂಸದ ಅಂಗಡಿಯವರು ಹುಣಸೆ ಕೊರಡನ್ನೇ ಇಟ್ಟುಕೊಳ್ಳೋದು ಅದಕ್ಕೇ, ಎಷ್ಟು ಹೊಡೆದರೂ ಬಿರಿಯಲ್ಲ. ಹಸಿ ಇದ್ದಾಗ ಈ ಎಳೆ ಮೆತ್ತಗಿರುತ್ತೆ. ಒಣಗಿದರೆ ಬಿಗಿದುಕೊಳ್ಳುತ್ತೆ. ಹಾಗಾಗಿ ಕಡಿದ ವಾರದೊಳಗೆ ಸೀಳಿಬಿಡಬೇಕು.

ನಾನು ಮಾಡೋ ಕ್ರಮ

ರಾಗಿ ಒಕ್ಕಣೆ ಮುಗಿದು ಸಂಕ್ರಾಂತಿ ಕಳೆದ ಮೇಲೆ ಮರ ಕಡಿಯುತ್ತೇನೆ. ಮುಂದೆ ಮೂರು ತಿಂಗಳು ಬಿಸಿಲು, ಒಣ ಗಾಳಿ. ತೊಗಟೆಯನ್ನು ಅವತ್ತೇ ಸುಲಿಯಿರಿ, ಹಸಿಯಲ್ಲಿ ಸಲೀಸಾಗಿ ಬರುತ್ತೆ. ತೊಗಟೆ ಇದ್ದರೆ ನೀರು ಹೊರಗೆ ಹೋಗಲ್ಲ, ಹುಳವೂ ಸೇರುತ್ತೆ. ಒಣಗಿದ ತೊಗಟೆ ಒಲೆ ಹತ್ತಿಸೋಕೆ ಆಗುತ್ತೆ.

ತುಂಡು ಒಂದೂವರೆ ಅಡಿಗಿಂತ ಉದ್ದ ಬೇಡ. ಉದ್ದ ಹೆಚ್ಚಿದಷ್ಟೂ ಸೀಳೋದು ಕಷ್ಟ. ಸೀಳುವಾಗ ಮಧ್ಯಕ್ಕೆ ಹೊಡೆಯಬೇಡಿ. ಅಂಚಿನಿಂದ ಶುರು ಮಾಡಿ, ಸುತ್ತಲೂ ಹಲಗೆ ಹಲಗೆಯಾಗಿ ತೆಗೆಯುತ್ತಾ ಒಳಕ್ಕೆ ಬನ್ನಿ. ಬಿರುಕು ಇದ್ದರೆ ಅದೇ ಗೆರೆಯಲ್ಲಿ ಹೊಡೆಯಿರಿ. ದಪ್ಪ ದಿಮ್ಮಿಗೆ ಎರಡು ಕಬ್ಬಿಣದ ಬೆಣೆ, ಒಂದು ಸಮ್ಮಟಿಗೆ ಬೇಕು. ಗಂಟು, ಕವಲು ಇರೋ ತುಂಡಿನ ಜೊತೆ ಗುದ್ದಾಡಬೇಡಿ, ಪಕ್ಕಕ್ಕಿಡಿ. ಎರಡು ಬೇಸಿಗೆ ಒಣಗಿದ ಮೇಲೆ ಹಂಡೆ ಒಲೆಗೆ ಇಡಿಯಾಗಿ ತಳ್ಳಬಹುದು.

ಒಂದು ಎಚ್ಚರಿಕೆ. ಹೊಡೆದು ಹೊಡೆದು ಬೆಣೆಯ ತಲೆ ಅಣಬೆಯಂಗೆ ಅರಳಿಕೊಳ್ಳುತ್ತೆ. ಅದರ ಚೂರು ಒಂದು ಸಲ ಸಿಡಿದು ನನ್ನ ಮೊಣಕಾಲ ಕೆಳಗೆ ಹೊಕ್ಕಿತು. ಕಣ್ಣಿಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಅರಳಿದ ತಲೆಯನ್ನು ಕುಲುಮೆಯಲ್ಲಿ ಸರಿ ಮಾಡಿಸಿ. ಕೊಡಲಿಯ ಕಾವು ಸಡಿಲ ಇದೆಯಾ ಅಂತ ದಿನಾ ನೋಡಿ.

ಒಟ್ಟೋದು

ನೆಲದ ಮೇಲೆ ಒಟ್ಟಿದರೆ ತಳದ ಸಾಲು ಗೆದ್ದಲಿಗೆ. ಕಲ್ಲುಚಪ್ಪಡಿ ಇಟ್ಟು ಅರ್ಧ ಅಡಿ ಎತ್ತರಿಸಿ, ಗಾಳಿ ಆಡುವಂತೆ ಸಂದು ಬಿಟ್ಟು ಜೋಡಿಸಿ. ಮನೆಗೋಡೆಗೆ ಒರಗಿಸಬೇಡಿ, ಚೇಳು, ಹಾವು ಸೇರುತ್ತವೆ. ಭರಣಿ ಮಳೆಗೆ ಮುಂಚೆ ಮೇಲೆ ತಗಡೋ ತೆಂಗಿನ ಗರಿಯೋ ಹೊದಿಸಿ. ಪಕ್ಕಗಳು ತೆರೆದೇ ಇರಲಿ. ಟಾರ್ಪಾಲಿನಲ್ಲಿ ಪೂರ್ತಿ ಸುತ್ತಿದರೆ ಒಳಗೇ ಬೆವರಿ ಬೂಷ್ಟು ಹಿಡಿಯುತ್ತೆ.

ಒಣಗಿದೆಯೋ ಇಲ್ಲವೋ ಅಂತ ನೋಡೋಕೆ ನಾನು ಒಂದು ಸೀಳಿಗೆ ಬಣ್ಣದ ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ತೂಗುತ್ತೇನೆ. ಒಂದು ವರ್ಷ 4 ಕಿಲೋ ಇದ್ದ ಸೀಳು ಯುಗಾದಿ ದಾಟಿದ ಮೇಲೆ ಎರಡೂವರೆ ಕಿಲೋಗೆ ಬಂದು ನಿಂತಿತು. ಜೊತೆಗೇ ಇಟ್ಟಿದ್ದ, ಸೀಳದ 4 ಕಿಲೋ ದುಂಡು ತುಂಡು ಆಗಲೂ ಮೂರು ಕಿಲೋ ಮೇಲೇ ಇತ್ತು. ತೂಕ ಇಳಿಯೋದು ನಿಂತರೆ ಒಣಗಿದೆ ಅಂತ. ತಕ್ಕಡಿ ಇಲ್ಲದವರು ಎರಡು ಸೀಳು ಒಂದಕ್ಕೊಂದು ಬಡಿದು ನೋಡಿ: ಒಣಗಿದ್ದರೆ ಟಣ್ ಅನ್ನುತ್ತೆ, ಹಸಿಯಾದರೆ ದಪ್ ಅನ್ನುತ್ತೆ.

ಸೌದೆ ಕೊಳ್ಳುವವರಿಗೂ ಇದೇ ಮಾತು. ತೂಕದ ಲೆಕ್ಕದಲ್ಲಿ ಹಸಿ ಸೌದೆ ಕೊಂಡರೆ ಅರ್ಧ ದುಡ್ಡು ನೀರಿಗೆ.

ಈಗ ನಮ್ಮಲ್ಲಿ ಊದುಗೊಳವೆ ಮೂಲೆ ಸೇರಿದೆ. ಸೌದೆಯೂ ಮೊದಲಿಗಿಂತ ಕಮ್ಮಿ ಸಾಕಾಗುತ್ತೆ. ಆದರೆ ಮನೆಯಾಕೆಯ ಕೆಮ್ಮು ಪೂರ್ತಿ ಹೋಗಿಲ್ಲ, ಚಳಿಗಾಲಕ್ಕೆ ಮತ್ತೆ ಬರುತ್ತೆ. ಅಷ್ಟು ವರ್ಷ ಕುಡಿದ ಹೊಗೆ ಅದು. ವಾರದ ಕೆಲಸವನ್ನು ನಾನು ಆರು ತಿಂಗಳು ಮುಂದಕ್ಕೆ ಹಾಕುತ್ತಿದ್ದೆ, ಅದರ ಸಾಲ ಆಕೆ ತೀರಿಸಿದಳು. ಮರ ಕಡಿದ ವಾರವೇ ಸೀಳಿ ಅಂತ ನಾನು ಇಷ್ಟು ಒತ್ತಿ ಹೇಳುತ್ತಿರೋದು ಅದಕ್ಕೇ. ಜಾಲಿ, ಹೊಂಗೆ, ಸರ್ವೆ ಸೌದೆಯಲ್ಲಿ ನಿಮ್ಮ ಅನುಭವ ಹೆಂಗಿದೆ, ಪತ್ರಿಕೆಗೆ ಬರೆಯಿರಿ.